ಪ್ರೊಸೆಸರಿನ ಮುಖ ಯಾವ ಕಡೆ

ಮಕ್ಕಳೇ, ಮುಳಬಾಗಿಲಿನಲ್ಲಿ ನಿಮ್ಮ ತಾತ ಇಟ್ಟಿದ್ದ ಫೋಟೋ ಸ್ಟುಡಿಯೋದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಡಾರ್ಕ್ ರೂಮು. ಅಲ್ಲಿಗೆ ಗಿರಾಕಿಗಳು ಬರುವಂತಿರಲಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು ನಾನು. ಯಾರಾದರೂ ಹೆಸರು ಕೇಳಿದರೂ ಸೆರಗಿನ ತುದಿ ನೋಡಿಕೊಂಡು ಹೇಳುತ್ತಿದ್ದೆ. ಭೂತಗನ್ನಡಿಯಲ್ಲಿ ನೋಡುತ್ತಾ, ನಾಲ್ಕೇ ಕೂದಲಿನ ಬ್ರಷ್ಷಿನಿಂದ ನೆಗೆಟಿವ್ ಮೇಲೆ ಮದುಮಕ್ಕಳ ಮೊಡವೆ ಅಳಿಸುವುದು ನನ್ನ ಕೆಲಸ. ಮೊಡವೆ ಹೋದವರೆಲ್ಲ ತಾತನಿಗೆ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ನನಗೂ ಅದೇ ಅನುಕೂಲವಾಗಿತ್ತು.

ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು, ಮೊಡವೆಗಳೆಲ್ಲ ಕಂಪ್ಯೂಟರಿಗೆ ಹೋದವು. ಕೋಲಾರದಲ್ಲಿ ಕಾಲೇಜು ಓದುತ್ತಿದ್ದ ನಿಮ್ಮಮ್ಮ ಭಾನುವಾರ ಮನೆಗೆ ಬಂದಾಗ ನನ್ನ ಕೈ ಹಿಡಿದು ಮೌಸ್ ತಿರುಗಿಸುವುದನ್ನು ಕಲಿಸಿದಳು. ನಾನು ಕಲಿತ ವರ್ಷವೇ ನಿಮ್ಮ ತಾತ ತೀರಿಕೊಂಡರು. ಫೋಟೋ ತೆಗೆಯಲು ನನ್ನ ತಮ್ಮ ಬಂದು ನಿಂತ. ತಿದ್ದಿ ಆಲ್ಬಮ್ ಮಾಡುವುದು ನನ್ನ ಪಾಲಿಗೆ ಬಂತು.

ನನ್ನ ಭಾವನವರಿಗೆ, ಅಂದರೆ ತಾತನ ಅಣ್ಣನಿಗೆ, ಇದರಲ್ಲಿ ನಂಬಿಕೆಯಿರಲಿಲ್ಲ. ಸ್ಟುಡಿಯೋ ಇದ್ದ ಅಂಗಡಿಯನ್ನು ಬೇಕರಿಯವರು ಬಾಡಿಗೆಗೆ ಕೇಳುತ್ತಿದ್ದರು. ಭಾವನವರು ನನ್ನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಆಗಿನ ಹಿರಿಯರಿಗೆ ತಮ್ಮನ ಹೆಂಡತಿಯ ಜೊತೆ ಮಾತು ಬೆಳೆಸುವುದು ಸರಿಬರುತ್ತಿರಲಿಲ್ಲ. ನಾನು ಎರಡಡಿ ದೂರದಲ್ಲಿ ನಿಂತಿದ್ದರೂ ಅತ್ತೆಗೇ ಹೇಳುತ್ತಿದ್ದರು.

"ಅಮ್ಮಾ, ಯಲ್ದೂರಿನ ಮದುವೆ ಆಲ್ಬಮ್ ಗೌರಿ ಹಬ್ಬದೊಳಗೆ ಆದ್ರೆ ಸ್ಟುಡಿಯೋ ಇರ್ಲಿ. ಆಗ್ದಿದ್ರೆ ಬೇಕರಿಗೆ ಕೊಟ್ಬಿಡೋಣ. ಹೇಳು ಅವಳಿಗೆ."

"ಅವಳಿಗೂ ಕಿವಿ ಇದೆ ಕಣೋ," ಎಂದರು ಅತ್ತೆ.

ಹಬ್ಬಕ್ಕೆ ಇನ್ನು ಹದಿನೈದು ದಿನವಿತ್ತು. ಮಗಳು ತವರಿಗೆ ಬಂದಾಗ ಬೀಗರ ಮುಂದೆ ಆಲ್ಬಮ್ ಬಿಚ್ಚಬೇಕೆಂದು ಯಲ್ದೂರಿನವರ ಆಸೆ. ನಮ್ಮ ಕಂಪ್ಯೂಟರಿಗೆ ಆ ಅವಸರವೇ ಇರಲಿಲ್ಲ. ಒಂದು ಪುಟ ತೆರೆಯಲು ಮೌಸ್ ಒತ್ತಿ, ಅಂಗಡಿ ಹಿಂದಿದ್ದ ನಮ್ಮ ಮನೆಗೆ ಹೋಗಿ, ಅಕ್ಕಿ ಆರಿಸಿ, ಕುಕ್ಕರ್ ಇಟ್ಟು ಬಂದರೂ ಪರದೆಯ ಮೇಲೆ ಮರಳು ಗಡಿಯಾರ ತಿರುಗುತ್ತಲೇ ಇರುತ್ತಿತ್ತು. ಮದುಮಗಳ ಮೂಗುಬೊಟ್ಟಿನ ಹೊಳಪು ತೆಗೆಯುವಷ್ಟರಲ್ಲಿ ಸಾರು ಕುದಿದಿರುತ್ತಿತ್ತು.

"ಅಮ್ಮಾ, ಕಂಪ್ಯೂಟರ್ ಬದಲಾಯಿಸೋದೇನೂ ಬೇಡ. ಒಳಗಿರೋ ಪ್ರೊಸೆಸರ್ ಬದಲಾಯಿಸಿದ್ರೆ ಸಾಕು," ಎಂದಳು ನಿಮ್ಮಮ್ಮ. ಲೆಕ್ಕ ಮಾಡುವ ಮಿದುಳು ಅದೇ ಅಂತೆ.

ಶುಕ್ರವಾರ ಕಂಪ್ಯೂಟರಿನ ಡಬ್ಬವನ್ನು ದುಪ್ಪಟಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕೋಲಾರದ ಬಸ್ಸು ಹತ್ತಿದೆ. "ಏನಮ್ಮಾ ಅದು, ಟಿ.ವೀನಾ?" ಎಂದ ಕಂಡಕ್ಟರ್. ಅಲ್ಲ ಎಂದರೆ ಮತ್ತೆ ನಾಲ್ಕು ಮಾತಾಡಬೇಕಲ್ಲ, "ಹೂಂ" ಎಂದುಬಿಟ್ಟೆ. ಟಿ.ವಿ.ಗೆಂದು ಲಗೇಜ್ ಟಿಕೆಟ್ ಹರಿದುಕೊಟ್ಟ.

ಕಂಪ್ಯೂಟರ್ ಅಂಗಡಿಯಲ್ಲಿ ನಿಮ್ಮಮ್ಮ ಕಾಯುತ್ತಿದ್ದಳು. ಅಂಗಡಿಯವರು ಡಬ್ಬ ಬಿಚ್ಚಿ ನೋಡಿದರು. "ಏನಮ್ಮಾ, ಇದರೊಳಗೆ ಹತ್ತಿ ಬೆಳೀತಿದೀರಾ?" ಅಷ್ಟು ಧೂಳು. ಇದೇ ಬೋರ್ಡಿಗೆ ಕೂರುವ ಚುರುಕಾದ ಪ್ರೊಸೆಸರ್ ತಮ್ಮಲ್ಲಿದೆ, ಆದರೆ ಇವತ್ತು ಕೈ ಬಿಡುವಿಲ್ಲ, ಡಬ್ಬ ಬಿಟ್ಟು ಹೋಗಿ ಎಂದರು. ಮದುವೆಯ ಫೋಟೋಗಳೆಲ್ಲ ಅದರೊಳಗಿದ್ದವು. ಬಿಟ್ಟು ಬರಲು ನನಗೆ ಧೈರ್ಯ ಸಾಲಲಿಲ್ಲ. ಕೊನೆಗೆ, ನಾಳೆ ಮುಳಬಾಗಿಲಿಗೆ ಬರುವ ಕೆಲಸವಿದೆ, ಮನೆಯಲ್ಲೇ ಹಾಕಿಕೊಡುತ್ತೇನೆ ಎಂದು ಒಪ್ಪಿಕೊಂಡು ಪ್ರೊಸೆಸರನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. "ಡಬ್ಬಿ ಬಿಚ್ಚಬೇಡಿ, ಮುಟ್ಟಬೇಡಿ," ಎಂದು ಎರಡು ಸಲ ಹೇಳಿದರು. ನಾನೂ ಎರಡು ಸಲ ತಲೆಯಾಡಿಸಿದೆ.

ಆದರೆ ಅತ್ತೆಗೆ ಯಾರೂ ಹೇಳಿರಲಿಲ್ಲವಲ್ಲ. ನಮ್ಮ ಮನೆಗೆ ಸೈಕಲ್ ಬರಲಿ, ಪಂಪ್‌ಸೆಟ್ ಬರಲಿ, ಪೂಜೆ ಆಗದೆ ಚಾಲೂ ಆಗುತ್ತಿರಲಿಲ್ಲ. ಅವತ್ತೋ ಶುಕ್ರವಾರ ಬೇರೆ. ಡಬ್ಬಿ ಬಿಚ್ಚಿ ದೇವರ ಮುಂದೆ ಇಟ್ಟೇಬಿಟ್ಟರು. ಬಿಸ್ಕತ್ತಿಗಿಂತ ಚಿಕ್ಕದು. ಒಂದು ಕಡೆ ಬರೀ ಬೆಳ್ಳಿ ಬಣ್ಣದ ತಗಡು, ಇನ್ನೊಂದು ಕಡೆ ಹುಲ್ಲು ಮೊಳೆತ ಹಾಗೆ ನೂರಾರು ಬಂಗಾರದ ಬಣ್ಣದ ಕಡ್ಡಿಗಳು.

"ಏಮೇ, ಇದರ ಮುಖ ಯಾವ ಕಡೆ?" ಎಂದರು ಅತ್ತೆ. ನನಗೇನು ಗೊತ್ತು? ತಿರುಗಿಸಿ ತಿರುಗಿಸಿ ನೋಡಿ ತಾವೇ ತೀರ್ಮಾನ ಕೊಟ್ಟರು. "ಚಿನ್ನ ಇರೋ ಕಡೆನೇ ಮುಖ ಕಣೇ. ಬೆನ್ನಿಗೆ ಯಾರಾದ್ರೂ ಒಡವೆ ಹಾಕ್ತಾರಾ?"

ನಾನು ತಟ್ಟೆ ಹಿಡಿದು ಹಿಂದೆ ನಿಂತಿದ್ದೆ. ತಾತ ಹೋದ ಮೇಲೆ ನಾನು ಕುಂಕುಮದ ಬಟ್ಟಲು ಮುಟ್ಟಿರಲಿಲ್ಲ. ಅತ್ತೆ ಬಟ್ಟಲನ್ನು ನನ್ನ ಕಡೆ ತಳ್ಳಿದರು. "ಇದರ ಯಜಮಾನಿ ನೀನು ತಾನೇ? ನೀನೇ ಇಡು."

"ನಾನಾ, ಅತ್ತೆ?"

"ನಾನೂ ನಿನ್ನ ಹಾಗೇ ಅಲ್ವೇನೇ? ಇಷ್ಟು ವರ್ಷ ಈ ಮನೆ ದೇವರಿಗೆ ಯಾರು ಇಟ್ರು? ಇಡು, ಇಡು."

ಒಂದು ಬೊಟ್ಟು ಸಾಕಿತ್ತು. ಆ ಸಂತೋಷಕ್ಕೆ ನಾನು ಒಂಬತ್ತು ಇಟ್ಟೆ. ನೀರಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ, ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ. ಅತ್ತೆ ಅಕ್ಷತೆ ಹಾಕಿ ಡಬ್ಬಿ ಮುಚ್ಚಿದರು.

ಮರುದಿನ ಬೆಳಿಗ್ಗೆ ಕೋಲಾರದ ಅಂಗಡಿಯವರು ಬಂದು ಡಬ್ಬಿ ತೆರೆದರು. ಪ್ರೊಸೆಸರನ್ನು ಬೆಳಕಿಗೆ ಹಿಡಿದು ನೋಡಿದರು.

"ಇದಕ್ಕೆ ಯಾರಮ್ಮಾ ಕುಂಕುಮ ಇಟ್ಟಿದ್ದು?"

"ಯಾಕಪ್ಪಾ, ಹೊಸ ಗಾಡಿಗೆ ಇಡಲ್ವಾ?" ಎಂದರು ಅತ್ತೆ.

"ಗಾಡಿಗೆ ಮುಂದ್ಗಡೆ ಇಡ್ತೀರ ಅಜ್ಜಿ, ಇಂಜಿನ್ನೊಳಗೆ ಸುರೀತೀರಾ? ಅಕ್ಷತೆ ಬೇರೆ! ಮೂರು ಕಡ್ಡಿ ಬಗ್ಗಿ ಹೋಗಿವೆ. ಹೀಗೇ ಹಾಕಿದ್ರೆ ಬೋರ್ಡೂ ಸುಟ್ಟೋಗತ್ತೆ. ನಾನಂತೂ ಕೈ ಹಾಕಲ್ಲ." ಬ್ಯಾಗಿನ ಜಿಪ್ ಎಳೆದರು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಬಾಗಿಲಿನ ಪರದೆಯ ಹಿಂದಿದ್ದೆ. ನಮ್ಮ ಅಂಗಡಿಯ ಗೋಡೆಯ ತುಂಬ ಬನ್ನು, ಬ್ರೆಡ್ಡು ಜೋಡಿಸಿದ ಹಾಗೆ ಕಣ್ಣಿಗೆ ಕಟ್ಟಿತು. ಅವರು ಮೆಟ್ಟಿಲಿಳಿಯುವಾಗ ಒಂದು ಗಟ್ಟಿ ದನಿ ಕೇಳಿಸಿತು: "ನಿಂತ್ಕೊಳ್ಳಿ!" ಯಾರಪ್ಪಾ ಎಂದು ನೋಡಿದರೆ ನಾನೇ.

"ಕಾಫಿ ಕುಡೀರಿ. ಅಷ್ಟರಲ್ಲಿ ಕ್ಲೀನ್ ಮಾಡಿ ಕೊಡ್ತೀನಿ."

"ನೀವಾ? ಕೂದಲಿನಷ್ಟು ಸಣ್ಣ ಕೆಲಸ ಅಮ್ಮಾ ಅದು."

"ಹದಿನೆಂಟು ವರ್ಷ ಅದೇ ಮಾಡಿದೀನಿ," ಎಂದೆ.

ಡಾರ್ಕ್ ರೂಮಿನ ಬೀರು ತೆಗೆದೆ. ಭೂತಗನ್ನಡಿ ಇತ್ತು, ಬ್ರಷ್ ಇತ್ತು, ನೆಗೆಟಿವ್ ಒರೆಸುವ ಸ್ಪಿರಿಟ್ ಸೀಸೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಒಂದೊಂದು ಸಾಲಿನಲ್ಲೂ ಬ್ರಷ್ ಎಳೆದೆ. ಕೆಂಪೆಲ್ಲ ಹತ್ತಿಗೆ ಬಂತು. ಸೂಜಿ ಮೊನೆಯಿಂದ ಅಕ್ಕಿಕಾಳು ಎಬ್ಬಿಸಿದೆ. ಬಗ್ಗಿದ ಕಡ್ಡಿಗಳನ್ನು ಉಸಿರು ಹಿಡಿದು ಸ್ವಲ್ಪ ಸ್ವಲ್ಪವೇ ನೆಟ್ಟಗೆ ಮಾಡಿದೆ. ಮೂರನೆಯದು ಮುರಿದೇಹೋಯಿತು ಅನ್ನಿಸಿತು. ಮುರಿಯಲಿಲ್ಲ. ಅವರು ಎರಡು ಲೋಟ ಕಾಫಿ ಕುಡಿದರು, ಅತ್ತೆ ಮೂರನೆಯದಕ್ಕೆ ಹಾಲು ಇಟ್ಟಿದ್ದರು.

ಅವರು ಭೂತಗನ್ನಡಿಯಲ್ಲಿ ನಾಲ್ಕೂ ಮೂಲೆ ನೋಡಿದರು. ಬೋರ್ಡಿನಲ್ಲಿ ಕೂರಿಸಿ, ಬಿಸಿಯೇರದ ಹಾಗೆ ಮೇಲೆ ಬಿಳಿ ಪೇಸ್ಟ್ ಹಚ್ಚತೊಡಗಿದರು.

"ನೀನು ಸುಣ್ಣ ಹಚ್ಚಬಹುದು, ನಾವು ಕುಂಕುಮ ಇಡಬಾರದಾ?" ಎಂದರು ಅತ್ತೆ. ಅವರಿಗೆ ಮಾತು ವಾಪಸು ಬಂದಿತ್ತು.

ಸ್ವಿಚ್ ಹಾಕಿದರು. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಇತ್ತು. ಅತ್ತೆ ದೇವರ ಕಡೆ, ಅವರು ಬೋರ್ಡಿನ ಕಡೆ, ನಾನು ನೆಲದ ಕಡೆ ನೋಡುತ್ತಿದ್ದೆವು. ಕೀಂಕ್ ಎಂದಿತು. ಬೆಳಕು ಬಂತು.

ಯಲ್ದೂರಿನ ಧಾರೆಯ ಪುಟದ ಮೇಲೆ ಮೌಸ್ ಒತ್ತಿ, ಅಭ್ಯಾಸದಂತೆ ಅಕ್ಕಿ ಆರಿಸಲು ಎದ್ದೆ. ಬಾಗಿಲು ದಾಟುವ ಮೊದಲೇ ಮದುಮಗಳು ಪರದೆಯ ತುಂಬ ನಗುತ್ತಿದ್ದಳು. ಆ ವಾರ ನಮ್ಮ ಮನೆಯಲ್ಲಿ ಅಡುಗೆ ತಡವಾಗುತ್ತಲೇ ಹೋಯಿತು.

ಅವತ್ತು ಹೋಗುವಾಗ ಕೋಲಾರದವರು ಬಾಗಿಲಲ್ಲಿ ತಡವರಿಸಿದರು. "ಅಮ್ಮಾ, ನಮ್ಮಂಗಡೀಲಿ ಕಡ್ಡಿ ಬಗ್ಗಿರೋವು ನಾಲ್ಕೈದು ಬಿದ್ದಿವೆ. ಕಳಿಸ್ಲಾ?"

ಹಬ್ಬಕ್ಕೆ ಎರಡು ದಿನ ಮುಂಚೆ ಬೆಂಗಳೂರಿನ ಲ್ಯಾಬಿನಿಂದ ಆಲ್ಬಮ್ ಪ್ರಿಂಟಾಗಿ ಬಂತು. ಯಲ್ದೂರಿನವರು ಸ್ಟುಡಿಯೋದಲ್ಲೇ ಕುಳಿತು ಎರಡು ಸಲ ತಿರುವಿ ನೋಡಿ ಒಯ್ದರು. ಭಾವನವರು ಮೂಲೆಯಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಯಲ್ದೂರಿನವರು ಹೋದ ಮೇಲೆ ಅತ್ತೆಗೆ ಹೇಳಿದರು. "ಅಮ್ಮಾ, ಬೇಕರಿಯವರಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂದಿದೀನಿ. ಅವಳಿಗೆ ಹೇಳು."

ಅತ್ತೆ ಬೇಕೆಂದೇ ಎದ್ದು ಒಳಗೆ ಹೋದರು. ಅಂಗಡಿಯಲ್ಲಿ ಉಳಿದದ್ದು ನಾವಿಬ್ಬರೇ. ಭಾವನವರು ಕ್ಯಾಮೆರಾ ನೋಡಿದರು, ಛಾವಣಿ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಬ್ಯಾಂಕಿಗೆ ನಂದೊಂದು ಫೋಟೋ ಬೇಕಿತ್ತು," ಎಂದರು. ನನಗೇ ಹೇಳಿದ್ದು.

ಅವತ್ತು ತಮ್ಮ ಇರಲಿಲ್ಲ. ನಾನೇ ಕ್ಯಾಮೆರಾ ಕೈಗೆತ್ತಿಕೊಂಡೆ.

"ಕೂತ್ಕೊಳ್ಳಿ ಭಾವ," ಎಂದೆ. "ಗದ್ದ ಒಂಚೂರು ಮೇಲೆತ್ತಿ."