ಹೊಸ್ತಿಲು ತುಳಿದದ್ದು ಯಾರ ಕಾಲು?

ಬೆಳಗಿನ ಆರು ಗಂಟೆ. ಕಿರ್ಗಿಜರ ರಾಜಧಾನಿ ಬಿಷ್ಕೆಕ್‌ನ ಆಸ್ಪತ್ರೆಯೊಂದರ ಉದ್ದನೆಯ ಕೋಣೆಯಲ್ಲಿ ಸಾಯ್ರಾಕಾನ್ ನಡೆಯುತ್ತಿದ್ದಾರೆ. ಮುಖದ ಮೇಲೆ ದಪ್ಪ ಕನ್ನಡಕ. ಅದರೊಳಗಿಂದ ಕೋಣೆ ಇದ್ದ ಹಾಗೇ ಕಾಣುತ್ತದೆ. ಬದಲಾಗಿರುವುದು ಅವರ ಮೈ ಮಾತ್ರ. ತಲೆ ಬಗ್ಗಿಸಿದರೆ ಕಂಪ್ಯೂಟರ್ ಬಿಡಿಸಿದ ಕಾಲುಗಳು. ಇವರ ಜೊತೆಗೇ ಅವೂ ಹೆಜ್ಜೆ ಇಡುತ್ತವೆ, ಕುಂಟುವುದಿಲ್ಲ ಅಷ್ಟೆ.

"ಈ ಮೈ ನಿಮ್ಮದೇ ಅನ್ನಿಸ್ತಿದೆಯಾ ಎಜೆ? ಒಂದರಿಂದ ಏಳರೊಳಗೆ ಹೇಳಿ," ಎನ್ನುತ್ತಾಳೆ ಎಂಜಿನಿಯರ್ ಬೆರ್ಮೆತ್. ಇಲ್ಲಿ ಅಕ್ಕನಿಗೆ ಎಜೆ ಎನ್ನುತ್ತಾರೆ.

"ಆರು. ತಡಿ, ಎರಡು. ನಾನೇ ಕಣೆ ಅದು. ಆದ್ರೆ ನಾನ್ಯಾವಾಗ ಇಷ್ಟು ನೆಟ್ಟಗೆ ನಡೀತಿದ್ದೆ?"

ಇಪ್ಪತ್ತೆರಡು ವರ್ಷ ಟ್ರಾಲಿಬಸ್ಸಿನ ಕಂಡಕ್ಟರ್ ಆಗಿದ್ದವರು. ಹಿಮದಲ್ಲಿ ಜಾರಿ ಎಡ ಮಂಡಿ ಹೋಯಿತು. ಈಗ ದಿನಕ್ಕೆ ಅರವತ್ತು ಸುತ್ತು, ಅರವತ್ತು ಉತ್ತರ. ಕೃತಕ ಕಾಲಿನ ರೋಗಿಗಳು ನಡಿಗೆ ಕಲಿಯಲು ಈ ಕನ್ನಡಕ ಹಾಕುವ ಮೊದಲು ಇವರು ನಡೆದು ನೋಡಬೇಕು. ಪ್ರಯೋಗದ ವರದಿಯಲ್ಲಿ ವೈದ್ಯರ ಹೆಸರೆಲ್ಲ ಇದೆ, ಇವರದಿಲ್ಲ.

ಕೆಲವೇ ದಿನಗಳಲ್ಲಿ ಆ ಕೆಲಸಕ್ಕೂ ಕುತ್ತು ಬಂತು. ಒಂದು ಸುತ್ತಿನಲ್ಲಿ ಆರು, ಮರುಸುತ್ತಿನಲ್ಲಿ ಎರಡು: ಇವರಿಗೆ ತಲೆ ಕೆಟ್ಟಿದೆ, ಸೋಮವಾರದಿಂದ ಬೇರೆಯವರು ಬರಲಿ ಎಂದರು ಮೇಲಿನವರು. ಸಾಯ್ರಾಕಾನ್‌ಗೂ ಅದೇ ಅನುಮಾನ. ಸಂತೆಯಲ್ಲಿ ನಡೆಯುವಾಗ ತಮ್ಮ ಕಾಲನ್ನೇ ಬೇರೆಯವರದೆಂಬಂತೆ ನೋಡುತ್ತಿದ್ದರು. "ಇವತ್ತು ಮನೆಗೆ ಬಂದೋಳು ಯಾವಳು, ಕುಂಟೀನೋ ಇನ್ನೊಬ್ಬಳೋ?" ಎಂದು ಗಂಡ ಕೆಣಕಿದರೆ ನಗಲೂ ಆಗುತ್ತಿರಲಿಲ್ಲ.

ಕೋಣೆಯ ನಡುವೆ ನಿಜವಾದ ಮರದ ಹೊಸ್ತಿಲಿದೆ. ಹೊಸ್ತಿಲು ತುಳಿಯುವುದು ಕಿರ್ಗಿಜರಲ್ಲಿ ದೊಡ್ಡ ತಪ್ಪು. ಕೊನೆಯ ದಿನ, ಶುಕ್ರವಾರ, ಅದನ್ನು ದಾಟಿದವರು ಗಕ್ಕನೆ ನಿಂತುಬಿಟ್ಟರು.

"ತುಳಿದುಬಿಟ್ಟೆ."

"ಇಲ್ಲ ಎಜೆ, ನಿಮ್ಮ ಕಾಲು ದಾಟಿ ಆಯ್ತಲ್ಲ."

"ನನ್ನದು ದಾಟ್ತು. ಈ ಕನ್ನಡಕದವಳದು ತುಳೀತು. ಎಡಗಾಲು."

ಬೆರ್ಮೆತ್ ನಗುತ್ತಲೇ ಅಳೆದಳು, ಆಮೇಲೆ ನಗು ನಿಂತಿತು. ಕುಂಟನ್ನು ಅಳಿಸುವ ಲೆಕ್ಕಾಚಾರದಲ್ಲಿ ಬಿಡಿಸಿದ ಎಡಗಾಲು ಎರಡು ಬೆರಳು ಹಿಂದೆ ಬೀಳುತ್ತಿತ್ತು. ಹಳೆಯ ಉತ್ತರಗಳನ್ನೂ ತೆಗೆದು ನೋಡಿದಳು. ಬಲಗಾಲು ಮೊದಲಿಟ್ಟು ಹೊಸ್ತಿಲು ದಾಟಿದಾಗೆಲ್ಲ ಆರು, ಎಡಗಾಲು ಮೊದಲಿಟ್ಟು ದಾಟಿದಾಗೆಲ್ಲ ಎರಡು. ಕೃತಕ ಕಾಲಿನವರು ಆ ಚಿತ್ರ ನಂಬಿ ನಡೆದಿದ್ದರೆ ಮುಗ್ಗರಿಸುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕಿದ್ದ ಮೇಲಿನವರಿಗೆ, ನೆಲವೇ ಡೊಂಕಿತ್ತೆಂದು ಗೊತ್ತಾಯಿತು. ಸೋಮವಾರ ಬಂದವರು ಸಾಯ್ರಾಕಾನ್ ಅವರೇ.

ಅವರು ಕೇಳಿದ್ದು ಒಂದೇ: "ಅವಳಿಗೆ ನನ್ನ ಕುಂಟು ವಾಪಸ್ ಕೊಡು." ಈಗ ಕನ್ನಡಕದೊಳಗಿನವಳೂ ಕುಂಟುತ್ತಾಳೆ.

"ಹಾಗಾದ್ರೆ ಆ ಮೈ ನಿಮ್ಮದೇ ತಾನೆ ಎಜೆ?"

"ಇವತ್ತಿಗೂ ಗೊತ್ತಿಲ್ಲ ಮಗಳೇ. ಆದ್ರೆ ಹೊಸ್ತಿಲು ತುಳಿದದ್ದು ಅವಳು, ನಾಚಿಕೆ ಆಗಿದ್ದು ನನಗೆ."