ದಾವಲಸಾಬ ಕಾಕಾ ಹೊಲಿದ ಹಾಯಿ

ಹೊಲಿಯುವವರು ಹೊಲಿಗೆ ಹಾಕುತ್ತಾರೆ. ನಮ್ಮ ದಾವಲಸಾಬ ಕಾಕಾ ಬಿಚ್ಚುತ್ತಿದ್ದರು. ಒಂದು ಗೇಣು ಹೊಲಿಯುವುದು, ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಎಳೆಯುವುದು, ‘ಹೂಂ’ ಎನ್ನುವುದು, ಕತ್ತರಿ ತೆಗೆದು ಎಲ್ಲ ಕಿತ್ತುಹಾಕುವುದು. ಎದುರಿಗೆ ಕುಳಿತವರ ಜೀವ ಹೋದರೆ ಅವರಿಗೇನು? ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹಿಂದಿನ ಅವರ ಅಂಗಡಿಯಲ್ಲಿ, ಆಮೇಲೆ ಒಂದು ಕಣದಲ್ಲಿ, ಹನ್ನೊಂದು ದಿನ ನಾನು ಹಲ್ಲು ಕಚ್ಚಿಕೊಂಡು ಕುಳಿತಿದ್ದೇನೆ.

ಅವರದು ಲಾರಿಯ ಸರಕಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಕಸುಬು. ನನ್ನದು ಗೋವಾದಲ್ಲಿ ಹಾಯಿದೋಣಿಯ ಕೆಲಸ. ಬೆಟಗೇರಿಯ ನೇಕಾರರ ಮನೆಯವಳು ನಾನು. ಮಗ್ಗದ ಸದ್ದು ತಾಳಲಾರದೆ ಸಮುದ್ರಕ್ಕೆ ಓಡಿಹೋದೆ ಎಂದು ಅಣ್ಣ ಈಗಲೂ ಚೇಷ್ಟೆ ಮಾಡುತ್ತಾನೆ. ಆ ಜನವರಿಯಲ್ಲಿ ನಾವು ನಾಲ್ವರು ಗೋವಾದಿಂದ ಸೇಶೆಲ್ಸ್ ದ್ವೀಪಗಳಿಗೆ ಹೊರಡುವವರಿದ್ದೆವು. ಎರಡು ವಾರಕ್ಕೂ ಮಿಕ್ಕಿ ನೀರೇ ನೀರು. ಅಕ್ಕಿ, ಬೇಳೆ, ಔಷಧ, ಕುಡಿಯುವ ನೀರು ಎಲ್ಲ ತುಂಬಿಯಾಗಿತ್ತು. ಉಳಿದದ್ದು ದೊಡ್ಡ ಹಾಯಿ ಒಂದೇ. ಬಟ್ಟೆ ಗಟ್ಟಿಯಿತ್ತು, ಬಿಸಿಲಿಗೆ ದಾರ ಸತ್ತಿತ್ತು. ಗೋವಾದಲ್ಲಿ ಹಾಯಿ ಹೊಲಿಯುವವರು ಎರಡು ತಿಂಗಳು ಕಾಯಬೇಕು ಎಂದರು. ನಮ್ಮನ್ನು ಒಯ್ಯಬೇಕಾದ ಈಶಾನ್ಯದ ಗಾಳಿ ಅಷ್ಟು ದಿನ ಇರುವುದಿಲ್ಲ. ನಮ್ಮೂರ ಕಡೆ ಒಬ್ಬರಿದ್ದಾರೆ, ವಾರದಲ್ಲಿ ಮುಗಿಸಿಕೊಡುತ್ತಾರೆ ಎಂದು ಕ್ಯಾಪ್ಟನ್ ಎದುರು ಎದೆ ತಟ್ಟಿಕೊಂಡು ಹೇಳಿದವಳು ನಾನೇ. ಆ ಹೊಲಿಗೆ ಬಿಟ್ಟರೆ ನಡುನೀರಿನಲ್ಲಿ ನಾಲ್ಕು ಜೀವ ಹೋಗುತ್ತವೆ ಅನ್ನುವುದೂ ನನಗೆ ಗೊತ್ತಿತ್ತು.

ಹಾಯಿ ತೆಗೆದುಕೊಂಡು ಹೋದರೆ ಕಾಕಾ ಉದ್ದ ಕೇಳಲಿಲ್ಲ, ಅಗಲ ಕೇಳಲಿಲ್ಲ. ಇದನ್ನು ಕಟ್ಟುವವರು ಯಾರು ಎಂದು ಕೇಳಿದರು. ಲಾರಿ ಮಾಲೀಕರಿಗೂ ಅವರದು ಇದೇ ಪ್ರಶ್ನೆಯಂತೆ. ಡ್ರೈವರ್ ಬಂದು ಎದುರಿಗೆ ಕೂರದ ಹೊರತು ತಾಡಪತ್ರಿಗೆ ಸೂಜಿ ಚುಚ್ಚಿದವರೇ ಅಲ್ಲ.

“ಹೊಲಿಸವ ಮಾಲಕ ಮನ್ಯಾಗ ಮಲಗಿರತಾನವ್ವ. ಮಳ್ಯಾಗ ಲಾರಿ ಮ್ಯಾಲೆ ಹತ್ತಿ ಹಗ್ಗ ಜಗ್ಗವನ ಕೈ ನೋಡಲಾರದ ನಾ ಹೊಲಿಯೂದಿಲ್ಲ.”

ಕೈ ಮುಗಿದೆ, ಜಗಳ ಮಾಡಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಗೋವಾದಿಂದ ಮೂವರೂ ಬಂದರು. ಅರವತ್ತು ದಾಟಿದ ಕ್ಯಾಪ್ಟನ್ ಬಸ್ಸಿಳಿದಾಗಲೇ ಕೆಂಡವಾಗಿದ್ದರು. ಕಾಕಾ ಒಬ್ಬೊಬ್ಬರ ಅಂಗೈ ಮುಟ್ಟಿ ನೋಡಿ, ಎಲ್ಲರ ಕೈಗೂ ಒಂದೊಂದು ಸೂಜಿ ಕೊಟ್ಟು ನೆಲದ ಮೇಲೆ ಕೂರಿಸಿದರು. ಹರಿದರೆ ಅಲ್ಲಿಗೆ ತಾನು ಬರಲಿಕ್ಕಾಗುವುದಿಲ್ಲವಲ್ಲ, ಕಲಿತು ಹೋಗಲಿ ಅನ್ನುವುದು ಅವರ ವಾದ. ಕ್ಯಾಪ್ಟನ್ ಹಾಕಿದ ಹೊಲಿಗೆಯನ್ನು ನಾಲ್ಕು ಸಲ ಕಿತ್ತರು. ನಾಲ್ಕನೆಯ ಸಲ ಕ್ಯಾಪ್ಟನ್ ನನ್ನ ಕಡೆ ನೋಡಿದ ನೋಟಕ್ಕೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೂರು ದಿನ ಕಲಿಸಿ ಅವರನ್ನು ವಾಪಸು ಕಳಿಸಿದರು.

ಅಂಗಡಿಯಲ್ಲಿ ಹಾಯಿ ಹಾಸಲು ಜಾಗ ಸಾಲಲಿಲ್ಲ. ಗೆಳೆಯರೊಬ್ಬರ ಕಣದಲ್ಲಿ ಹಾಸೋಣ ಎಂದರು, ನಾನೇ ಹೂಂ ಎಂದೆ. ಹಿಂದಿನ ದಿನದವರೆಗೂ ಅಲ್ಲಿ ಒಣಮೆಣಸಿನಕಾಯಿ ರಾಶಿ ಬಿದ್ದಿತ್ತು ಅನ್ನುವುದನ್ನು ಪುಣ್ಯಾತ್ಮ ಹೇಳಲೇ ಇಲ್ಲ. ಕಸವೇನೋ ಗುಡಿಸಿದ್ದರು, ಪುಡಿಯೆಲ್ಲ ಹಾಯಿಗೆ ಅಂಟಿತು. ಕಣ್ಣು ಮೂಗು ಸುರಿಸಿಕೊಂಡು ನಾನು ಕೂಗಾಡಿದರೆ ಕಾಕಾ ತಲೆ ಎತ್ತದೆ, “ಬ್ಯಾಡಗಿ ಕಾಯಿ ಅದು. ಖಾರ ಕಡಿಮಿ ಐತಿ,” ಎಂದರು.

ಹತ್ತನೆಯ ದಿನ ನನ್ನ ತಾಳ್ಮೆ ಮುಗಿಯಿತು. ಇವತ್ತು ಕೊಡುತ್ತೀರೋ ಇಲ್ಲವೋ ಹೇಳಿಬಿಡಿ ಎಂದೆ. ಕಾಕಾ ಕತ್ತರಿ ಕೆಳಗಿಟ್ಟರು.

“ನನಗ ಕಣ್ಣ ಮಂಜ ಆಗ್ಯಾವವ್ವ. ಬೆರಳಿಗೆ ಗೊತ್ತಾದಷ್ಟು ಹೊಲದೇನಿ. ಹೊಲದದ್ದ ನಾನ ನಂಬವಲ್ಲೆ.”

“ಮದ್ಲ ಹೇಳಾಕ ಏನಾಗಿತ್ತರಿ ಕಾಕಾ?”

“ಹೇಳಿದ್ರ ನೀ ಕೊಡತಿದ್ದೇನು?”

ಕೊಡುತ್ತಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಸಿಟ್ಟಿಗೆಬ್ಬಿಸಿತು. ನಾಲ್ಕು ಜನರ ಜೀವದ ಜೊತೆ ಆಟವೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕ್ಯಾಪ್ಟನ್‌ಗೆ ಫೋನ್ ಮಾಡಿದರೆ ಅವರು ಬೈಯಲಿಲ್ಲ. ಮರುದಿನ ಮತ್ತೆ ಮೂವರೂ ಬಂದರು. ನಾವೇ ಕಣ್ಣಿಟ್ಟು, ಅನುಮಾನ ಬಂದಲ್ಲೆಲ್ಲ ಕೈಯಾರೆ ಹೊಲಿದೆವು. ಹಾಯಿಯ ತುತ್ತತುದಿಯ ದಪ್ಪ ಮೂಲೆಯನ್ನು ಮಾತ್ರ ಕಾಕಾ ಬಿಟ್ಟುಕೊಡಲಿಲ್ಲ, ಅದೊಂದಾದರೂ ತನ್ನದಿರಲಿ ಎಂದರು. ಜಗ್ಗಿ ನೋಡಿದೆ, ಗಟ್ಟಿಯಿತ್ತು. ಒಪ್ಪಿದೆ.

ಒಂದು ವಾರ ತಡವಾಗಿ ಹೊರಟೆವು. ಹಾಯಿ ಏರಿಸಿದ ಕೂಡಲೇ ನಾಲ್ವರೂ ಸೀನಿದೆವು. ಒಂಬತ್ತನೆಯ ದಿನ ಗಾಳಿ ಜೋರಾಗಿ ಅದೇ ಮೂಲೆ ಬಿಟ್ಟಿತು. ಹೊಯ್ದಾಡುವ ದೋಣಿಯಲ್ಲಿ ಹಾಯಿ ಇಳಿಸಿ, ತೊಡೆಯ ಮೇಲೆ ಹರಡಿಕೊಂಡು ನಾನೂ ಕ್ಯಾಪ್ಟನ್ನೂ ಎರಡು ಗಂಟೆ ಹೊಲಿದೆವು. ಹೊಲಿಗೆ ತಪ್ಪಲಿಲ್ಲ. ಆ ಮೂರು ದಿನ ಕಲಿಯದಿದ್ದರೆ ಏನಾಗುತ್ತಿತ್ತೋ.

ದೋಣಿಯಲ್ಲಿದ್ದ ಉಪಗ್ರಹ ಯಂತ್ರದಿಂದ ದಿನಕ್ಕೊಂದು ಸಣ್ಣ ಸಂದೇಶ ಕಳಿಸಬಹುದಿತ್ತು. ಅಂದು ಅಣ್ಣನಿಂದ ಬಂದದ್ದು: ಕಾಕಾ ದಿನಾ ಫೋನ್ ಮಾಡಿ ಹೊಲಿಗೆ ಹಿಡಿದಿದೆಯಾ ಎಂದು ಕೇಳುತ್ತಾರೆ. ಎಲ್ಲ ಗಟ್ಟಿಯಿದೆ ಎಂದು ಬರೆದೆ. ಮರುದಿನ ಮತ್ತೆ ಬಂತು: “ಸುಳ್ಳ ಅಂತಾರ. ಎಲ್ಲಿ ಹರೀತು ಅಂತ ಕೇಳ್ಯಾರ.”

ನನಗೆ ರೇಗಿಹೋಯಿತು. ನಿದ್ದೆಯಿಲ್ಲ, ಬೆರಳೆಲ್ಲ ಗಾಯ. ನಾವು ಬದುಕಿದ್ದೇವೆಯೇ ಎಂದು ಕೇಳದೆ ಹೊಲಿಗೆ ಕೇಳುತ್ತಾರಲ್ಲ. ಊರಿಗೆ ಹೋಗಿ ಮುಖಕ್ಕೇ ಹೇಳುತ್ತೇನೆ ಎಂದು ಉತ್ತರ ಬರೆಯಲಿಲ್ಲ.

ದಡ ಮುಟ್ಟಿ ಫೋನ್ ಮಾಡಿದಾಗ ಅಣ್ಣ ಅಳುತ್ತಿದ್ದ. ಕಾಕಾ ತೀರಿಹೋಗಿ ಎರಡು ದಿನವಾಗಿತ್ತು. ಸಾಯುವ ಹಿಂದಿನ ದಿನವೂ ಫೋನ್ ಮಾಡಿ, ಖಬರ ಬಂತೇನು ಎಂದು ಕೇಳಿದ್ದರಂತೆ.

ಅವರ ಮನಸ್ಸು ನೋಯದಿರಲಿ ಎಂದು ಸುಮ್ಮನಿದ್ದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅದೂ ಸುಳ್ಳು. ಸಿಟ್ಟಿಗೆ ಸುಮ್ಮನಿದ್ದೆ. ತುದಿಯ ಮೂಲೆ, ಕಾಕಾ, ಒಳಗಿನಿಂದ ಎರಡನೆಯ ಸಾಲು, ನಾಲ್ಕು ಬೆರಳಷ್ಟು. ನೀವು ಕಲಿಸಿದ ಹಾಗೇ ಹೊಲಿದೆವು, ಹಿಡಿಯಿತು. ಇಷ್ಟು ಬರೆಯುವುದಕ್ಕೆ ಒಂದು ನಿಮಿಷ ಸಾಕಿತ್ತು.