ಸೇತುವೆ ಬಿಚ್ಚಿದ ವರ್ಷ

ನಮ್ಮೂರಿನ ಕಲ್ಲು ಸೇತುವೆಯನ್ನು ಕೆಡವಿದರು ಅಂತ ಎಲ್ಲರೂ ಹೇಳುತ್ತಾರೆ. ದೊಡ್ಡಮ್ಮ ಮಾತ್ರ ‘ಬಿಚ್ಚಿದ್ವಿ’ ಅನ್ನುತ್ತಾಳೆ. ಆ ಕೆಲಸದಲ್ಲಿ ಅವಳೂ ಇದ್ದಳು, ಹಾಗಾಗಿ ಅವಳ ಮಾತೇ ಸರಿ ಇರಬೇಕು. ಕೆಡವಿದ್ದರೆ ಅದು ಬೀಳಬೇಕಿತ್ತು. ಬೀಳಲಿಲ್ಲ. ಒಂದೊಂದೇ ಕಲ್ಲಾಗಿ ಲಾರಿ ಹತ್ತಿ ಹೋಯಿತು.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಸೇತುವೆಯ ಆಚೆ ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಕಾಲರು ಕೂರಿಸುವುದು ಮೊದಲು ಅವಳ ಕೆಲಸವಾಗಿತ್ತು. ದೊಡ್ಡಪ್ಪ ಅದೇ ಸೇತುವೆಯ ದುರಸ್ತಿ ಕೆಲಸಗಾರರು. ಮದುವೆಯಾದ ಹೊಸತರಲ್ಲಿ ಇಬ್ಬರೂ ಬೆಳಿಗ್ಗೆ ಒಟ್ಟಿಗೇ ಮನೆ ಬಿಡುತ್ತಿದ್ದರಂತೆ. ಸೇತುವೆಯ ನಡುವೆ ಬಂದಾಗ ದೊಡ್ಡಪ್ಪ, ‘ಸರಿ, ನನ್ನ ಆಫೀಸು ಬಂತು’ ಅಂತ ಹೇಳಿ ನಿಂತುಬಿಡುತ್ತಿದ್ದರಂತೆ.

ಸೇತುವೆಗೆ ಐದು ಕಮಾನುಗಳಿದ್ದವು. ಈ ದಡದಲ್ಲಿ ಮಾರುಕಟ್ಟೆ, ಆ ದಡದಲ್ಲಿ ಆಸ್ಪತ್ರೆ ಮತ್ತು ಕಾರ್ಖಾನೆ. ಯಾರು ಕಟ್ಟಿಸಿದ್ದು ಅಂತ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ತುದಿಯಲ್ಲಿ ನೆಟ್ಟ ಕಲ್ಲಿನ ಮೇಲೆ ಹೆಸರು ಕೆತ್ತಿದ್ದರಂತೆ, ಆದರೆ ತಲೆಮಾರುಗಟ್ಟಲೆ ಜನ ಅದಕ್ಕೆ ಬೆನ್ನು ಆನಿಸಿ ಬಸ್ಸಿಗೆ ಕಾದು ಕಾದು ಅಕ್ಷರವೆಲ್ಲ ಸವೆದುಹೋಗಿತ್ತು. ಗಾಡಿಗಳ ಕಾಲದ ಸೇತುವೆ, ಅಗಲ ಕಮ್ಮಿ. ಎದುರಿಂದ ಬಸ್ಸು ಬಂದರೆ ನಡೆಯುವವರು ಪಕ್ಕಕ್ಕೆ ಸರಿದು ನಿಲ್ಲಲಿ ಅಂತ ಪ್ರತಿ ಕಂಬದ ಮೇಲೂ ನದಿಯ ಕಡೆಗೆ ಚಾಚಿಕೊಂಡ ಸಣ್ಣ ಜಾಗ ಬಿಟ್ಟಿದ್ದರು. ಅಂಥದ್ದೊಂದರಲ್ಲಿ ಛತ್ರಿ ರಿಪೇರಿಯವನು ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ. ಮಾರುಕಟ್ಟೆ ಕಡೆಯಿಂದ ಎರಡನೇ ಕಮಾನಿನ ಬಣ್ಣ ಮಾತ್ರ ಬೇರೆ, ಉಳಿದವು ಕಪ್ಪು, ಅದು ಬೂದಿ. ಯಾವುದೋ ಯುದ್ಧದಲ್ಲಿ ಹಿಂದೆ ಸರಿಯುತ್ತಿದ್ದ ಸೈನಿಕರು ಆ ಕಮಾನಿಗೆ ಮದ್ದಿಟ್ಟು ಹಾರಿಸಿದ್ದರಂತೆ. ಬಹಳ ಕಾಲ ಜನ ಆ ತೆರಪಿನ ಮೇಲೆ ಹಲಗೆ ಹಾಸಿಕೊಂಡು ಓಡಾಡಿದರು. ಆಮೇಲೆ ಹಳೇ ಜೈಲಿನ ಗೋಡೆ ಕಿತ್ತು, ಆ ಕಲ್ಲಿನಲ್ಲೇ ಮತ್ತೆ ಕಟ್ಟಿದರು. ‘ನಮ್ಮೂರಲ್ಲಿ ಜೈಲಿಂದ ಬಿಡುಗಡೆ ಆಗಿ ಒಳ್ಳೇ ಕೆಲಸಕ್ಕೆ ಸೇರಿದ್ದು ಆ ಕಲ್ಲುಗಳು ಮಾತ್ರ’ ಅಂತ ದೊಡ್ಡಪ್ಪ ನಗಿಸುತ್ತಿದ್ದರು.

ಕಲ್ಲಿನ ಸಂದಿನಲ್ಲಿ ಬೀಜ ಬಿದ್ದು ಗಿಡ ಹುಟ್ಟುತ್ತದೆ. ಬೇರು ದಪ್ಪವಾದರೆ ಕಲ್ಲನ್ನೇ ಎಬ್ಬಿಸುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಹಗ್ಗ ಕಟ್ಟಿಕೊಂಡು ಸೇತುವೆಯ ಮೈಮೇಲೆ ಇಳಿದು, ಗಿಡ ಕಿತ್ತು, ಸಂದಿಗೆ ಸುಣ್ಣದ ಗಾರೆ ತುಂಬಬೇಕು. ದೊಡ್ಡಪ್ಪ ಇಳಿಯುವವರು, ಮೇಸ್ತ್ರಿ ಮೇಲೆ ನಿಂತು ಹಗ್ಗ ನೋಡಿಕೊಳ್ಳುವವರು. ಜೋರಾಗಿ ಬರುವ ಬಸ್ಸಿನವರಿಗೆ ದೊಡ್ಡಪ್ಪ ಕೆಳಗಿನಿಂದಲೇ, ‘ನಿಧಾನ ಹೋಗಪ್ಪಾ, ಸೇತುವೆನ ನಾನೊಬ್ಬನೇ ಹಿಡ್ಕೊಂಡಿದ್ದೀನಿ’ ಅಂತ ಕೂಗುತ್ತಿದ್ದರು.

ಒಂದು ಬೇಸಿಗೆಯ ಬೆಳಿಗ್ಗೆ ಮೂರನೇ ಕಮಾನಿನ ಮೇಲೆ ಹಗ್ಗ ಕಟ್ಟಿದರು. ಕಟ್ಟಿದ್ದು ಮೇಸ್ತ್ರಿ. ದೊಡ್ಡಪ್ಪ ಇಳಿದರು. ಹಗ್ಗ ಹರಿಯಲಿಲ್ಲ, ಗಂಟು ಬಿಚ್ಚಿಕೊಳ್ಳಲಿಲ್ಲ. ಹಗ್ಗ ಸುತ್ತಿದ್ದ ತಡೆಗೋಡೆಯ ಕಲ್ಲೇ ಜಾಗ ಬಿಟ್ಟು ಹೊರಗೆ ಜಾರಿತು. ನದಿಯಲ್ಲಿ ಆಗ ನೀರು ಇರಲಿಲ್ಲ, ಬಂಡೆ ಇತ್ತು.

ಮೇಸ್ತ್ರಿ ಕಾರ್ಖಾನೆಗೆ ಓಡಿದರು. ದೊಡ್ಡಮ್ಮ ಮಿಷನ್ನು ನಿಲ್ಲಿಸಿ ಬಾಗಿಲಿಗೆ ಬಂದಳು. ಮೇಸ್ತ್ರಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ತಿಂಡಿ ಡಬ್ಬಿ ತಂದ್ರಾ?’ ಅಂತ ಕೇಳಿದಳು.

ಈ ಮಾತು ಊರೆಲ್ಲ ಸುತ್ತಿತು. ಗಂಡ ಸತ್ತ ಸುದ್ದಿಗೆ ಡಬ್ಬಿ ಕೇಳಿದವಳು ಅಂತ ಜನ ಬೆನ್ನ ಹಿಂದೆ ಆಡಿಕೊಂಡರು. ಎದುರಿಗೂ ಒಬ್ಬಿಬ್ಬರು ಆಡಿದರು. ಅವಳು ಅಳಲಿಲ್ಲ ಅನ್ನುವುದನ್ನೂ ಸೇರಿಸಿದರು. ಅದು ನಿಜ, ಅವಳು ಅಳಲಿಲ್ಲ. ನನ್ನ ಅಮ್ಮ ಅವಳ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು, ‘ಅತ್ತುಬಿಡು ಅಕ್ಕ’ ಅಂದರೆ, ಒಂದಷ್ಟು ಹೊತ್ತು ಹಾಗೇ ಇದ್ದು, ‘ನಿನ್ನ ಭುಜ ನೋಯುತ್ತೆ, ಬಿಡು’ ಅಂದಳಂತೆ.

ದೊಡ್ಡಪ್ಪನ ಜಾಗದಲ್ಲಿ ಮನೆಯವರಿಗೊಂದು ಕೆಲಸ ಅಂತ ಇಲಾಖೆ ಹೇಳಿತು. ಮಕ್ಕಳಿರಲಿಲ್ಲ, ಮನೆಯಲ್ಲಿದ್ದದ್ದು ದೊಡ್ಡಮ್ಮ ಮತ್ತು ಅವಳ ಅತ್ತೆ. ಖಾಲಿ ಇದ್ದದ್ದು ಸೇತುವೆ ಕೆಲಸ ಒಂದೇ. ದೊಡ್ಡಮ್ಮ ಹ್ಞೂಂ ಅಂದಳು. ಮೊದಲು ಸುಣ್ಣ ಕಲಸಿದಳು, ನೀರು ಹೋಗುವ ಕಂಡಿಗಳ ಕಸ ತೆಗೆದಳು. ಮುಂದೆ ಇಳಿಯುವವರು ಸಿಗದ ಒಂದು ವರ್ಷ ತಾನೇ ಹಗ್ಗ ಕಟ್ಟಿಕೊಂಡು ಇಳಿದಳು. ಅಷ್ಟು ಹೊತ್ತಿಗೆ ಹಗ್ಗವನ್ನು ಗೋಡೆಗೆ ಕಟ್ಟುವುದನ್ನು ಬಿಟ್ಟು ಲಾರಿಗೆ ಕಟ್ಟುತ್ತಿದ್ದರು.

‘ಭಯ ಆಗಲ್ವಾ ಅಕ್ಕ?’ ಅಂತ ಅಮ್ಮ ಕೇಳಿದಳು.

‘ಏನೂ ಆಗಲ್ಲ.’

ಬೀಳುವುದಿಲ್ಲ ಅಂದಳೋ, ಮನಸ್ಸಿಗೆ ಏನೂ ಅನ್ನಿಸುವುದಿಲ್ಲ ಅಂದಳೋ, ಅಮ್ಮನಿಗೆ ತಿಳಿಯಲಿಲ್ಲ. ನಾನು ದೊಡ್ಡವಳಾದ ಮೇಲೆ ಒಂದು ಸಲ ಅವಳನ್ನು ನೇರವಾಗಿಯೇ ಕೇಳಿದ್ದೆ. ಒಗೆದ ಬಟ್ಟೆ ಮಡಚುತ್ತಿದ್ದಳು. ‘ಕಾಲು ಜೋಮು ಹಿಡಿದಾಗ ಚಿವುಟಿದ್ರೂ ಗೊತ್ತಾಗಲ್ಲ ನೋಡು, ಹಾಗೆ’ ಅಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಹವಾಮಾನ ಹೇಳಿದ ಹಾಗಿತ್ತು.

ಅತ್ತೆಯದು ಇದಕ್ಕೆ ಪೂರ್ತಿ ಉಲ್ಟಾ. ನಾನು ಅಜ್ಜಿ ಅಂತ ಕರೆಯುತ್ತಿದ್ದ ಆ ಮುದುಕಿ ಅಳುವುದಕ್ಕೆ ಹೊತ್ತು ಗೊತ್ತು ಇರಲಿಲ್ಲ. ಮಗ ಹೋದ ದಿನದಿಂದ ಸೇತುವೆಯ ಮೇಲೆ ಕಾಲಿಡಲಿಲ್ಲ. ಆಸ್ಪತ್ರೆಗೆ ಹೋಗಬೇಕಾದರೆ ದೋಣಿ. ಕಣ್ಣಿಗೆ ಪೊರೆ ಬಂದಾಗ ನದಿ ತುಂಬಿ ದೋಣಿ ನಿಂತಿತ್ತು. ‘ಸೇತುವೆ ಮೇಲೆ ರಿಕ್ಷಾದಲ್ಲಿ ಕಣ್ಣು ಮುಚ್ಚಿ ಕೂತ್ಕೊಳ್ಳಿ, ಅತ್ತೆ, ಎರಡು ನಿಮಿಷ’ ಅಂದರೆ ಕೇಳಲಿಲ್ಲ. ನೀರು ಇಳಿಯುವ ತನಕ ಮಂಜುಗಣ್ಣಿನಲ್ಲೇ ಕಾದಳು. ಅಷ್ಟರಲ್ಲಿ ಒಂದು ಕಣ್ಣು ಕೆಟ್ಟೇಹೋಯಿತು.

‘ನನ್ನ ಮಗನ್ನ ನುಂಗಿದ್ದಕ್ಕೆ ನೀನು ದಿನಾ ಸುಣ್ಣ ಮೆತ್ತಿ ಬರ್ತೀಯಲ್ಲೇ’ ಅಂತ ಅಜ್ಜಿ ಅನ್ನುವಳು.

‘ಹೌದು ಅತ್ತೆ. ಊಟ ಬಡಿಸ್ಲಾ?’ ಅನ್ನುವಳು ದೊಡ್ಡಮ್ಮ.

ಹೀಗೆ ವರ್ಷಗಳು ಹೋದವು. ನದಿಯ ಮೇಲಿನ ತಿರುವಿನಲ್ಲಿ ಅಗಲವಾದ ಕಾಂಕ್ರೀಟ್ ಸೇತುವೆ ಎದ್ದಿತು. ಹಳೇ ಸೇತುವೆಯ ದಪ್ಪ ಕಂಬಗಳು ನೀರಿಗೆ ಅಡ್ಡ ನಿಂತು, ಅದರಿಂದಲೇ ತಗ್ಗಿನ ಬೀದಿಗಳಿಗೆ ಪ್ರವಾಹ ನುಗ್ಗುತ್ತದೆ ಅಂತ ತೀರ್ಮಾನವಾಯಿತು. ತೆಗೆದುಬಿಡಿ ಅಂತ ಆದೇಶ ಬಂತು. ಒಂದಷ್ಟು ಜನ ಬೇಡ ಅಂದರು, ಒಂದಷ್ಟು ಜನ ಬೇಗ ತೆಗೆಯಿರಿ ಅಂದರು. ನಮ್ಮ ಮನೆ ತಗ್ಗಿನ ಬೀದಿಯಲ್ಲೇ ಇದ್ದದ್ದರಿಂದ ನಾವು ಏನೂ ಅನ್ನದೆ ಸುಮ್ಮನಿದ್ದೆವು.

ಮಾರನೇ ದಿನದಿಂದ ಸೇತುವೆ ಬಂದ್ ಅಂತ ಗೊತ್ತಾದ ಸಂಜೆ ಅಜ್ಜಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ನಡಿ, ತೋರಿಸು’ ಅಂದಳು ಸೊಸೆಗೆ.

ನಾನೂ ಜೊತೆಗೆ ಹೋದೆ. ಒಂದು ಕಡೆ ದೊಡ್ಡಮ್ಮ, ಇನ್ನೊಂದು ಕಡೆ ನಾನು. ಮೂರನೇ ಕಮಾನಿನ ಹತ್ತಿರ ದೊಡ್ಡಮ್ಮ ನಿಂತಳು. ಬಿದ್ದ ಕಲ್ಲಿನ ಜಾಗಕ್ಕೆ ಹಾಕಿದ್ದ ಸಿಮೆಂಟಿನ ತೇಪೆ ಅಲ್ಲಿತ್ತು. ‘ಇಲ್ಲಿ’ ಅಂದಳು. ಅಜ್ಜಿ ಅದರ ಮೇಲೆ ಎರಡೂ ಕೈ ಊರಿ ಬಗ್ಗಿ ನೋಡಿದಳು. ಅವಳಿಗೆ ಏನು ಕಾಣುತ್ತಿತ್ತೋ.

‘ಎಷ್ಟು ಆಳ ಇದೆ?’

‘ಎರಡು ಮಹಡಿ ಮನೆಯಷ್ಟು.’

‘ಅಷ್ಟೇನಾ?’ ಅಂದಳು ಅಜ್ಜಿ. ‘ನಾನು ತಳಾನೇ ಇಲ್ಲ ಅಂದ್ಕೊಂಡಿದ್ದೆ.’

ಅವಳ ಕಾಲು ಸೋತಿತ್ತು. ಗಂಟು ಕಟ್ಟಿಕೊಂಡು ಹೊರಟಿದ್ದ ಛತ್ರಿ ರಿಪೇರಿಯವನು ತನ್ನ ಸ್ಟೂಲನ್ನು ಬಿಡಿಸಿ ಕೊಟ್ಟ. ಅಜ್ಜಿ ಕೂತಳು. ಆ ಹೊತ್ತು ಮಾತ್ರ ಅಳಲಿಲ್ಲ. ಎದುರಿಗೆ ಕೊನೆಯ ಬಸ್ಸುಗಳು ಹೋಗುತ್ತಿದ್ದವು, ಜನ ಕಿಟಕಿಯಿಂದ ಕೈ ಬೀಸುತ್ತಿದ್ದರು. ದೊಡ್ಡಮ್ಮ ಅಜ್ಜಿಯ ಮೊಣಕೈ ಹಿಡಿದುಕೊಂಡೇ ಇದ್ದಳು. ಬಾಗಿಲು ತಾನಾಗಿ ಮುಚ್ಚಿಕೊಳ್ಳದಿರಲಿ ಅಂತ ಹಿಡಿದ ಹಾಗೆ.

ಬಿಚ್ಚುವ ಕೆಲಸ ಮಳೆ ನಿಂತ ಮೇಲೆ ಶುರುವಾಯಿತು. ಕಮಾನನ್ನು ಸುಮ್ಮನೆ ಒಡೆದರೆ ಪಕ್ಕದ್ದೂ ಕುಸಿಯುತ್ತದೆ. ಅದಕ್ಕೆ ಕಟ್ಟುವಾಗ ಮಾಡಿದ ಹಾಗೇ ಕೆಳಗಿನಿಂದ ಮರದ ಅಟ್ಟಣೆ ಕೊಟ್ಟು, ಮೇಲಿನಿಂದ ಒಂದೊಂದೇ ಪದರ ತೆಗೆಯಬೇಕು. ಮೊದಲು ಡಾಂಬರು ಬಂತು, ಅದರ ಕೆಳಗೆ ಇನ್ನೂ ಹಳೇ ಡಾಂಬರು. ಅದರಡಿ ಹಾಸುಗಲ್ಲು, ಗಾಡಿ ಚಕ್ರದ ಜಾಡು ಗುಳಿ ಬಿದ್ದ ಕಲ್ಲು. ಆಮೇಲೆ ಜಲ್ಲಿ, ಮಣ್ಣು. ಮಣ್ಣಿನಲ್ಲಿ ಕುದುರೆ ಲಾಳಗಳು, ಮುರಿದ ಉಳಿ, ಒಂದು ಮಗುವಿನ ಚರ್ಮದ ಚಪ್ಪಲಿ ಸಿಕ್ಕವು. ಬೂದಿ ಕಮಾನಿನ ಕಲ್ಲೊಂದನ್ನು ಮಗುಚಿದಾಗ ಒಳಮೈಯಲ್ಲಿ ಯಾರೋ ಕೈದಿ ಗೀಚಿದ ಗೆರೆಗಳು ಸಾಲಾಗಿ ಇದ್ದವು. ದಿನ ಎಣಿಸಿದ್ದಿರಬೇಕು. ಜನ ದಡದಲ್ಲಿ ನಿಂತು ನೋಡುವರು, ಫೋಟೋ ತೆಗೆಯುವರು. ದೊಡ್ಡಮ್ಮ ಚಪ್ಪಲಿಯ ಮಣ್ಣು ಕೊಡವಿ ಪಕ್ಕಕ್ಕಿಟ್ಟು ಮುಂದಿನ ಬುಟ್ಟಿ ತುಂಬಿದಳು.

ಮೂರನೇ ಕಮಾನಿನ ತಡೆಗೋಡೆ ತೆಗೆಯುವ ದಿನ ಮೇಸ್ತ್ರಿ ದೊಡ್ಡಮ್ಮನ ಮನೆಗೇ ಬಂದಿದ್ದರು. ಅವರಿಗೂ ಆಗ ವಯಸ್ಸಾಗಿತ್ತು, ನಿವೃತ್ತಿ ಹತ್ತಿರವಿತ್ತು.

‘ಇವತ್ತೊಂದು ದಿನ ಬರಬೇಡಮ್ಮ. ನಾವೇ ಮುಗಿಸ್ತೀವಿ.’

‘ಯಾಕೆ?’ ಅಂತ ಕೇಳಿ, ಉತ್ತರ ಕಾಯದೆ ಟೊಪ್ಪಿಗೆ ಹಾಕಿಕೊಂಡಳು.

ಅಲ್ಲಿ ಆದದ್ದನ್ನು ನನಗೆ ಹೇಳಿದ್ದು ಮೇಸ್ತ್ರಿಯೇ. ಹಳೇ ಕಾಲದವರು ತಡೆಗೋಡೆಯ ಕಲ್ಲುಗಳನ್ನು ಒಂದಕ್ಕೊಂದು ಕಬ್ಬಿಣದ ಕೊಂಡಿ ಹಾಕಿ, ಕರಗಿಸಿದ ಸೀಸ ಹೊಯ್ದು ಬಿಗಿದಿದ್ದರು. ಕೊಂಡಿ ಕಲ್ಲಿನ ಹೊಟ್ಟೆಯೊಳಗೆ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ತೇಪೆಯ ಪಕ್ಕದ ಕಲ್ಲನ್ನು ಎತ್ತಿದಾಗ ಕೊಂಡಿ ಇರಬೇಕಾದ ಜಾಗದಲ್ಲಿ ತುಕ್ಕಿನ ಕೆಂಪು ಪುಡಿ ಇತ್ತು. ಅದರ ಪಕ್ಕದ್ದನ್ನು ಎತ್ತಿದರು, ಅಲ್ಲೂ ಪುಡಿ. ಮೇಸ್ತ್ರಿಗೆ ಹುಚ್ಚು ಹಿಡಿದ ಹಾಗಾಯಿತು. ಆಳುಗಳಿಗೆ ಕಾಯದೆ ತಾವೇ ಹಾರೆ ಹಾಕಿ ಒಂದಾದ ಮೇಲೊಂದು ಕಲ್ಲು ಎಬ್ಬಿಸುತ್ತಾ ಕಮಾನಿನ ತುದಿಯವರೆಗೂ ಹೋದರು. ಒಂದೇ ಒಂದು ಕೊಂಡಿಯೂ ಗಟ್ಟಿ ಇರಲಿಲ್ಲ.

‘ನೋಡಮ್ಮ’ ಅಂದರು, ಅಂಗೈ ತುಂಬ ಪುಡಿ ಹಿಡಿದು. ‘ನಾನು ಎಲ್ಲಿ ಕಟ್ಟಿದ್ರೂ ಅಷ್ಟೇ ಆಗ್ತಿತ್ತು. ಯಾವ ಕಲ್ಲಿಗೆ ಕಟ್ಟಿದ್ರೂ.’

ದೊಡ್ಡಮ್ಮ ನೋಡಿದಳು. ‘ಹೌದು’ ಅಂದಳು.

‘ಇಷ್ಟು ವರ್ಷ ನಾನು ಬೇರೆ ಕಲ್ಲಿಗೆ ಕಟ್ಟಿದ್ದಿದ್ರೆ ಅಂತ…’ ಅಂದವರು ಅಲ್ಲೇ ಕೂತು, ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತರು.

ದೊಡ್ಡಮ್ಮ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು, ‘ನಿಮ್ಮ ತಪ್ಪು ಅಂತ ನಾನು ಯಾವತ್ತಾದ್ರೂ ಅಂದಿದ್ನಾ ಮೇಸ್ತ್ರಿ?’ ಅಂತ ಕೇಳಿದಳು.

‘ಅಂದಿದ್ರೆ ಚೆನ್ನಾಗಿರ್ತಿತ್ತಮ್ಮ. ಒಂದು ಸಲ ಬೈದಿದ್ರೆ ನಾನೂ ಏನಾದ್ರೂ ಹೇಳ್ತಿದ್ದೆ.’

ಅವಳು ಅದನ್ನು ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಕಂಡಳಂತೆ. ಆಮೇಲೆ, ‘ನನಗೆ ಹೊಳೀಲಿಲ್ಲ’ ಅಂದಳು. ‘ಏಳಿ. ಲಾರಿ ಕಾಯ್ತಾ ಇದೆ.’

ಇಬ್ಬರೂ ಎದ್ದು ಕಲ್ಲಿಗೆ ಸರಪಳಿ ಹಾಕಿದರು.

ಮುಂದಿನ ಬೇಸಿಗೆಯ ಹೊತ್ತಿಗೆ ನದಿಯಲ್ಲಿ ಕಂಬಗಳ ಬುಡ ಮಾತ್ರ ಉಳಿಯಿತು. ಕಲ್ಲುಗಳು ದಂಡೆಯ ಗೋಡೆಗೆ ಹೋದವು. ಮೇಸ್ತ್ರಿ ನಿವೃತ್ತಿಯಾಗಿ ಮಗಳ ಊರಿಗೆ ಹೋದರು. ಅಜ್ಜಿ ಅದಕ್ಕೂ ಮೊದಲೇ, ಬಿಚ್ಚುವ ಕೆಲಸ ನಡೆಯುತ್ತಿದ್ದ ಚಳಿಗಾಲದಲ್ಲಿ, ಊಟ ಮಾಡಿ ಮಲಗಿದವಳು, ನಿದ್ದೆಯಲ್ಲೇ ಹೋದಳು. ಆಗಲೂ ದೊಡ್ಡಮ್ಮ ಮಾಡಬೇಕಾದದ್ದನ್ನೆಲ್ಲ ಮಾಡಿದಳು, ಬಂದವರಿಗೆ ಕುರ್ಚಿ ಹಾಕಿದಳು, ಹೋದವರ ಲೋಟ ತೊಳೆದಳು. ಈ ಸಲ ಯಾರೂ ಆಡಿಕೊಳ್ಳಲಿಲ್ಲ. ಅಭ್ಯಾಸವಾಗಿತ್ತು.

ಬೇಸಿಗೆ ಕಳೆದು ಬಂದ ಮಳೆಗಾಲದಲ್ಲಿ ತಗ್ಗಿನ ಬೀದಿಗೆ ನೀರು ಬಂದೇ ಬಂತು. ಸೇತುವೆ ಇಲ್ಲದಿದ್ದರೂ ಬಂತು. ಸೊಂಟದವರೆಗೆ ಬರುತ್ತಿದ್ದದ್ದು ಮೊಣಕಾಲಿಗೆ ಬಂದು ನಿಂತಿತು, ಅಷ್ಟೇ. ‘ಇಷ್ಟಕ್ಕೇನಾ ತೆಗೆದದ್ದು’ ಅಂತ ಕೆಲವರು, ‘ಇಷ್ಟಾದ್ರೂ ಆಯ್ತಲ್ಲ’ ಅಂತ ಕೆಲವರು. ನೀರು ಇಳಿದ ಬೆಳಿಗ್ಗೆ ದೊಡ್ಡಮ್ಮ ಗುದ್ದಲಿ, ಪೊರಕೆ ಹಿಡಿದು ನಮ್ಮ ಮನೆಗೆ ಬಂದಳು. ಅಮ್ಮ, ಅವಳು, ನಾನು ಸೇರಿ ಕೆಸರು ಎಳೆದು ಹಾಕಿದೆವು. ಮಂಚ, ಕಪಾಟು ಹೊರಗಿಟ್ಟು ತೊಳೆದೆವು. ಮಧ್ಯಾಹ್ನದ ಹೊತ್ತಿಗೆ ನೆಲದ ಬಣ್ಣ ಕಂಡಿತು.

ಅಮ್ಮ ಚಹಾ ಕೊಟ್ಟಳು. ದೊಡ್ಡಮ್ಮ ಗೋಡೆಗೊರಗಿ ಕುಡಿದಳು. ಲೋಟ ಕೆಳಗಿಟ್ಟು, ಅಮ್ಮನ ಮುಖ ನೋಡದೆ, ‘ಇಲ್ಲೇ ಸ್ವಲ್ಪ ಮಲಗ್ಲಾ?’ ಅಂತ ಕೇಳಿದಳು. ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಅವಳು ಹಾಗೆ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ.

‘ಕೇಳೋದೇನಕ್ಕ’ ಅಂತ ಅಮ್ಮ ಮಹಡಿಯ ಮೆಟ್ಟಿಲ ಮೇಲಿಟ್ಟಿದ್ದ ಒಣ ಹಾಸಿಗೆ ತಂದು ಬಿಡಿಸಿದಳು. ದೊಡ್ಡಮ್ಮ ಗೋಡೆಯ ಕಡೆ ತಿರುಗಿ, ಮೊಣಕಾಲು ಮಡಚಿಕೊಂಡು ಮಲಗಿದಳು. ಹೊರಗೆ ಬೀದಿಯವರೆಲ್ಲ ಬಕೆಟ್ಟು ಬಡಿಯುತ್ತಾ, ಕೂಗಾಡುತ್ತಾ ಕೆಸರು ತೆಗೆಯುತ್ತಿದ್ದರು. ಅವಳಿಗೆ ಎಚ್ಚರವಾಗಲಿಲ್ಲ. ಅಮ್ಮ ಕಿಟಕಿ ಮುಚ್ಚಿದಳು. ನಾವಿಬ್ಬರೂ ಬರಿಗಾಲಲ್ಲಿ, ಪಾತ್ರೆ ಸದ್ದಾಗದ ಹಾಗೆ, ಉಳಿದ ಕೋಣೆ ತೊಳೆದೆವು.